ಪ್ರತಿವಾದದ ಸಮಯ ಬಿಟ್ಟುಕೊಟ್ಟ ಹುಡುಗಿ

ಹದಿನಾರು ವರ್ಷದ ಹುಡುಗಿಯೊಬ್ಬಳಿಗೆ, ಅವಳ ಮುಖವನ್ನೊಮ್ಮೆಯೂ ಕಾಣದೆ, ‘ನಿನ್ನ ಮುತ್ತಜ್ಜಿ ಹೇಳಿದ್ದೆಲ್ಲ ಕಟ್ಟುಕತೆ’ ಎಂದು ಬರೆಯುವ ಧೈರ್ಯ ನಿಮಗಿದೆಯೇ? ಇಲ್ಲವೆಂದು ತಲೆಯಾಡಿಸುತ್ತೀರಿ, ನನಗೂ ನಿಮ್ಮ ಮೇಲೆ ನಂಬಿಕೆಯಿದೆ. ಆದರೂ ಕಳೆದ ವಸಂತದಲ್ಲಿ ಒಂದೇ ಒಂದು ಫೋಟೋದ ಕೆಳಗೆ ಹಾಗೆ ಬರೆಯುವವರು ಸಾಲುಗಟ್ಟಿ ನಿಂತರು. ಅವರಲ್ಲಿ ಬಹುಪಾಲು ಮಂದಿ ತಮ್ಮ ತಮ್ಮ ಮನೆಗಳಲ್ಲಿ ಅಕ್ಕರೆಯ ಚಿಕ್ಕಪ್ಪಂದಿರೋ ಅತ್ತೆಯರೋ ಆಗಿರಬೇಕು. ಅಂಥವರ ಬಗ್ಗೆಯೇ ನನಗೆ ಹೆಚ್ಚು ಕುತೂಹಲ.

ನಾನಿರುವುದು ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ, ಆಸ್ಟಿನ್‌ನ ಉತ್ತರಕ್ಕಿರುವ ಫ್ಲೂಗರ್‌ವಿಲ್‌ನಲ್ಲಿ. ವಾರವಿಡೀ ಸಾಫ್ಟ್‌ವೇರ್ ಕೆಲಸ, ಶನಿವಾರ ಬೆಳಿಗ್ಗೆ ಹತ್ತಿರದ ಹೈಸ್ಕೂಲಿನ ಮಕ್ಕಳಿಗೆ ಚರ್ಚೆಯ ತರಬೇತಿ. ಈ ಹುಚ್ಚು ಹತ್ತಿದ್ದು ಧಾರವಾಡದ ಕಾಲೇಜಿನಲ್ಲಿ. ನಮ್ಮ ಕಡೆಯ ಅಂತರಕಾಲೇಜು ಸ್ಪರ್ಧೆಗಳ ನಿಯಮ ನಿಮಗೆ ನೆನಪಿರಬಹುದು: ಒಂದು ಕಾಲೇಜಿನಿಂದ ಇಬ್ಬರು ಹೋಗಬೇಕು, ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ವೇದಿಕೆಯ ಮೇಲೆ ಗೆಳತಿಯ ವಾದವನ್ನು ಚಿಂದಿ ಮಾಡಬೇಕು, ಆದರೆ ಇಬ್ಬರ ಅಂಕಗಳೂ ಕೂಡಿದಾಗಲೇ ಪರ್ಯಾಯ ಪಾರಿತೋಷಕ. ಹೀಗಾಗಿ ನಾನು ಎದುರಾಳಿ ಚೆನ್ನಾಗಿ ಮಾತನಾಡಲಿ ಎಂದು ಮನಃಪೂರ್ವಕ ಹಾರೈಸುತ್ತ ಬೆಳೆದವಳು. ಲೋಕದ ಸಂಸತ್ತುಗಳೆಲ್ಲ ಈ ಒಂದು ನಿಯಮವನ್ನು ಅಳವಡಿಸಿಕೊಂಡರೆ ಅರ್ಧ ಯುದ್ಧಗಳು ನಿಲ್ಲುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಅಭಿಪ್ರಾಯವನ್ನು ಕೇಳಿಸಿಕೊಳ್ಳದ ಅತಿಥಿ ನಮ್ಮ ಮನೆಯಿಂದ ಊಟ ಮುಗಿಸಿ ಹೋದದ್ದಿಲ್ಲ.

ಟೆಕ್ಸಸ್‌ನ ಶಾಲಾ ಚರ್ಚೆಯಲ್ಲಿ ಇಬ್ಬರ ತಂಡ ಒಂದೇ ಪಕ್ಷವನ್ನು ವಹಿಸುತ್ತದೆ. ನಾನು ಮಾತ್ರ ಅಭ್ಯಾಸದಲ್ಲಿ ಧಾರವಾಡದ ಪದ್ಧತಿಯನ್ನೇ ನಡೆಸುತ್ತಿದ್ದೆ: ಜೊತೆಗಾರರು ಒಬ್ಬರನ್ನೊಬ್ಬರು ಎದುರಿಸಬೇಕು, ಆಮೇಲೆ ಪಕ್ಷ ಬದಲಿಸಿ ಮತ್ತೆ ಎದುರಿಸಬೇಕು. ಇದನ್ನು ಎಲ್ಲರಿಗಿಂತ ಹೆಚ್ಚು ಆನಂದಿಸಿದವರು ಇಬ್ಬರು ಹುಡುಗಿಯರು. ಇಬ್ಬರ ಮನೆತನದ ಬೇರೂ ಇರಾಕಿನ ಉತ್ತರದ ಬೆಟ್ಟಗಳಲ್ಲಿ. ಒಬ್ಬಳು ಅಸ್ಸೀರಿಯನ್; ಆ ನಾಡಿನ ಪ್ರಾಚೀನ ಕ್ರೈಸ್ತ ಸಮುದಾಯದವಳು. ಇನ್ನೊಬ್ಬಳು ಕುರ್ದಿಶ್, ತನ್ನದೇ ದೇಶವಿಲ್ಲದ ದೊಡ್ಡ ಜನಾಂಗದವಳು. ಒಬ್ಬಳು ಆರಂಭಿಸಿದ ನಗುವನ್ನು ಇನ್ನೊಬ್ಬಳು ಮುಗಿಸುತ್ತಿದ್ದಳು. ಅವರ ಇಂಗ್ಲಿಷನ್ನು ಇಲ್ಲಿ ನನ್ನ ಕನ್ನಡದಲ್ಲಿ ಕೇಳಿಸುತ್ತಿದ್ದೇನೆ.

ಡಲ್ಲಾಸ್‌ನ ಪಂದ್ಯದಲ್ಲಿ ಅವರು ಮೊದಲ ಸ್ಥಾನ ಗೆದ್ದರು. ಟ್ರೋಫಿ ಹಿಡಿದು, ಕಣ್ಣು ಮುಚ್ಚಿ, ಬಾಯಿ ತೆರೆದು ನಗುತ್ತಿದ್ದ ಅವರ ಫೋಟೋ ತೆಗೆದವರು ಪೋಷಕರ ಸಂಘದ ಪ್ರಚಾರ ನೋಡಿಕೊಳ್ಳುವ ಮೈಸೂರಿನ ಆಂಟಿ. ಅಂದು ನಾವೆಲ್ಲ ಉಳಿದುಕೊಂಡದ್ದು ಡಲ್ಲಾಸ್ ಬಳಿಯ ಪ್ರಾಸ್ಪರ್‌ನಲ್ಲಿ ಅವರ ಮಗ ಕೊಂಡ ಹೊಸ ಮನೆಯಲ್ಲಿ. ಪರದೆಯೂ ಇಲ್ಲದ ಆ ಮನೆಯ ಬರಿಯ ನೆಲದ ಮೇಲೆ ಹುಡುಗಿಯರು ಟ್ರೋಫಿಗೆ ಹೊದಿಕೆ ಹೊದಿಸಿ ಮಲಗಿಸಿದ್ದರು. ಬೆಳಗಾಗುವಷ್ಟರಲ್ಲಿ ಆಂಟಿ ಫೋಟೋವನ್ನು ಸಂಘದ ಪುಟಕ್ಕೆ ಹಾಕಿ, ಕೆಳಗೆ ‘ಕುರ್ದಿಸ್ತಾನದ ಅವಳಿ ಚಿನ್ನಗಳು’ ಎಂದು ಬರೆದಿದ್ದರು.

“ಆಂಟಿ, ಏನ್ ಬರದೀರಿ ಇದು?”

“ಯಾಕಮ್ಮಾ, ಚೆನ್ನಾಗಿಲ್ವಾ? ಇಬ್ರ ಊರೂ ಕೇಳಿ, ಮ್ಯಾಪ್ ನೋಡೇ ಬರೆದದ್ದು!”

“ಒಬ್ಬಾಕಿ ಅಸ್ಸೀರಿಯನ್ ಅದಾಳ್ರಿ. ನಿಮಗ ಯಾರರೆ ಮದ್ರಾಸಿ ಅಂದ್ರ ಹೆಂಗಾಗ್ತದ?”

“ಅಂದ್ರೆ ಏನು, ಅಂದಿದ್ಳಲ್ಲ ಆ ಡೆಲ್ಲಿಯೋಳು! ಅವತ್ತಿಂದ ಅವಳ ಮನೆ ಕಾಫಿ ಕೂಡ ಮುಟ್ಟಿಲ್ಲ ನಾನು.” ಇಷ್ಟು ಹೇಳಿದ ಆಂಟಿಯ ಕೈ ಕೆನ್ನೆಗೆ ಹೋಯಿತು. “ಅಯ್ಯಯ್ಯೋ.”

ಮದ್ರಾಸಿ ಎನಿಸಿಕೊಂಡ ನೋವಿಗೂ ಇದಕ್ಕೂ ಅಜಗಜಾಂತರವಿದೆ. ಶತಮಾನದ ಹಿಂದೆ, ಒಟ್ಟೋಮನ್ ಆಳ್ವಿಕೆಯ ಕೊನೆಗಾಲದಲ್ಲಿ, ಅಸ್ಸೀರಿಯನ್ನರ ಊರೂರುಗಳೇ ಕಗ್ಗೊಲೆಗೆ ಸಿಕ್ಕವು. ಕೊಂದವರಲ್ಲಿ ಸೈನಿಕರ ಜೊತೆ ಕುರ್ದಿಶ್ ಬುಡಕಟ್ಟುಗಳವರೂ ಇದ್ದರು. ಉಳಿದವರನ್ನು ‘ಕುರ್ದಿಶ್ ಕ್ರೈಸ್ತರು’ ಎಂದು ಕರೆಯುವುದೆಂದರೆ ಅವರ ಪಾಲಿಗೆ ಹೆಸರನ್ನೂ ಅಳಿಸಿದಂತೆ. ಇತ್ತ ಕುರ್ದರು ನಮ್ಮದೇ ಜೀವಿತಕಾಲದಲ್ಲಿ ಬಾಗ್ದಾದಿನ ಸರ್ಕಾರ ಸುರಿಸಿದ ವಿಷಾನಿಲಕ್ಕೆ ಸಿಕ್ಕು ಸತ್ತವರು, ತಮ್ಮ ಊರುಗಳು ನೆಲಸಮವಾದದ್ದನ್ನು ಕಂಡವರು. ಒಂದು ದುಃಖ ಇನ್ನೊಂದನ್ನು ವಜಾ ಮಾಡುವುದಿಲ್ಲ. ಕಾಮೆಂಟುಗಳ ಲೋಕದಲ್ಲಿ ಮಾತ್ರ ವಜಾ ಮಾಡುವುದೇ ಉದ್ಯೋಗ.

ಆಂಟಿ ಕೂಡಲೇ ‘ಅಸ್ಸೀರಿಯನ್ ಮತ್ತು ಕುರ್ದಿಶ್ ಚಿನ್ನಗಳು’ ಎಂದು ತಿದ್ದಿದರು. ಆಗ ಕಾಮೆಂಟುಗಳಲ್ಲಿ ಆ ಬೆಟ್ಟಗಳ ನೆಲ ಯಾರದೆಂಬ ಜಗಳ ಎದ್ದಿತು. ಗಾಬರಿಯಲ್ಲಿ ‘ಫ್ಲೂಗರ್‌ವಿಲ್‌ನ ಚಿನ್ನಗಳು’ ಎಂದು ಮತ್ತೆ ತಿದ್ದಿದರು. ಈಗ ಎರಡೂ ಕಡೆಯವರು ಒಂದಾಗಿ, ನಮ್ಮ ಗುರುತನ್ನು ಅಳಿಸಿದಿರೆಂದು ಆಂಟಿಯ ಮೇಲೆ ಬಿದ್ದರು! ಜೀವಮಾನದಲ್ಲಿ ಅವರನ್ನು ಒಗ್ಗೂಡಿಸಿದ ಏಕೈಕ ವ್ಯಕ್ತಿ ತಾನೇ ಎಂದು ಆಂಟಿ ಇಂದಿಗೂ ಹೇಳಿಕೊಳ್ಳುತ್ತಾರೆ. ಕೊನೆಗೆ ಫೋಟೋವನ್ನೇ ತೆಗೆದರು. ಅಷ್ಟರಲ್ಲಿ ಅದು ದೇಶ ದೇಶ ತಿರುಗಿ, ಸ್ವೀಡನ್ನಿನಲ್ಲಿದ್ದ ಯಾರೋ ನಮ್ಮ ಅಸ್ಸೀರಿಯನ್ ಹುಡುಗಿಯನ್ನು ದ್ರೋಹಿ ಎಂದರೆ, ಜರ್ಮನಿಯಲ್ಲಿದ್ದ ಇನ್ಯಾರೋ ನಮ್ಮ ಕುರ್ದಿಶ್ ಹುಡುಗಿಯನ್ನು ಕೊಲೆಗಾರರ ಕುಡಿ ಎಂದಿದ್ದರು.

ಇದರ ಬಿಸಿ ತಗಲಿದ್ದು ಅಸ್ಸೀರಿಯನ್ ಹುಡುಗಿಯ ಹ್ಯೂಸ್ಟನ್ನಿನಲ್ಲಿದ್ದ ಅಜ್ಜಿಗೆ. ನೆಂಟರ ಫೋನುಗಳೆಲ್ಲ ಅವರಿಗೇ ಬರುತ್ತಿದ್ದವು. ಹುಡುಗಿಯ ತಾಯಿ ನನಗೆ ಸ್ಪಷ್ಟವಾಗಿ ಹೇಳಿದರು: “ನಮ್ಮಮ್ಮ ಒಪ್ಪಿದರೆ ಇವಳು ಈ ಜೋಡಿಯಲ್ಲಿ ಮುಂದುವರಿಯಲಿ, ಇಲ್ಲದಿದ್ದರೆ ಇಲ್ಲ.” ಕುರ್ದಿಶ್ ಹುಡುಗಿಯ ತಂದೆಯ ಮಾತೂ ಅಷ್ಟೇ ನೇರ: “ನನ್ನ ಮಗಳು ಹೋಗಿ ಕೇಳುತ್ತೇನೆ ಎನ್ನುತ್ತಾಳೆ, ಹೋಗಲಿ. ಅಲ್ಲಿ ಅವಳಿಗೆ ಅವಮಾನವಾದರೆ ತಂಡವೂ ಇಲ್ಲ, ಏನೂ ಇಲ್ಲ.” ಆ ಋತುವಿನ ಕೊನೆಯ ಪಂದ್ಯ ಶನಿವಾರ, ಹ್ಯೂಸ್ಟನ್ನಿನಲ್ಲೇ ಇತ್ತು. ಒಬ್ಬಳು ಹಿಂದೆ ಸರಿದರೆ ಇನ್ನೊಬ್ಬಳೂ ಮನೆಯಲ್ಲೇ ಕೂರಬೇಕು. ಅದಕ್ಕಿಂತ ಹೆಚ್ಚಾಗಿ, ಆ ನಗು ಎರಡು ತುಂಡಾಗುತ್ತಿತ್ತು.

ಶುಕ್ರವಾರ ಮಧ್ಯಾಹ್ನ ನಾನು ಡ್ರೈವ್ ಮಾಡಿದೆ. ಪಕ್ಕದಲ್ಲಿ ಪ್ರಾಯಶ್ಚಿತ್ತಕ್ಕೆಂದು ಹಟ ಹಿಡಿದು ಹೊರಟ ಆಂಟಿ, ಹಿಂದೆ ಹುಡುಗಿಯರು. ಇಬ್ಬರಿಗೂ ಭಯ, ಆದ್ದರಿಂದ ಇಬ್ಬರಿಗೂ ತಡೆಯಲಾರದ ನಗು. ಹೈವೇ ಬದಿಯ ಒಂದು ಹಸು ತೋರಿಸಿ, “ನೋಡಿ ಕೋಚ್, ನಿರ್ಣಾಯಕರು!” ಎಂದು ಅರ್ಧ ಗಂಟೆ ನಕ್ಕರು. ಕುರ್ದಿಶ್ ಹುಡುಗಿ ಅಜ್ಜಿಯೆದುರು ಆಡಬೇಕಾದ ಮಾತನ್ನು ಅಭ್ಯಾಸ ಮಾಡುತ್ತಿದ್ದಳು: ಮೊದಲು ಅಜ್ಜಿಯ ಪಕ್ಷ, ಆಮೇಲೆ ಪ್ರತಿವಾದದ ಸಮಯದಲ್ಲಿ ತನ್ನವರ ಕಥೆ. ಅಸ್ಸೀರಿಯನ್ ಹುಡುಗಿ ಅಜ್ಜಿಯಂತೆ ಸೀನುತ್ತ, ಕೆಮ್ಮುತ್ತ ಅಡ್ಡ ಪ್ರಶ್ನೆ ಹಾಕುತ್ತಿದ್ದಳು.

ಬರಿಗೈಯಲ್ಲಿ ಹೋಗುವುದು ಹೇಗೆ? ಕುರ್ದಿಶ್ ಹುಡುಗಿಯ ತಾಯಿ ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ ದೋಲ್ಮಾ ಕಳಿಸಿದ್ದರು.

“ಇದು ಬೇಡ. ದೋಲ್ಮಾ ಯಾರದು ಅಂತ ಆನ್‌ಲೈನ್‌ನಲ್ಲಿ ಇನ್ನೊಂದು ಯುದ್ಧ ನಡೀತಿದೆ,” ಎಂದಳು ಅವಳೇ.

ಹಾಗಾಗಿ ನಿಷ್ಪಕ್ಷಪಾತವಾದ ಸಿಹಿಯನ್ನು ಹುಡುಕಿಕೊಂಡು ಹ್ಯೂಸ್ಟನ್ನಿನ ಭಾರತೀಯ ಅಂಗಡಿಗಳ ಬಡಾವಣೆಯಾದ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟಿನ ಅಂಗಡಿಯೊಂದಕ್ಕೆ ನುಗ್ಗಿದೆವು. ನಾನು ಮೈಸೂರು ಪಾಕಿನ ಪೆಟ್ಟಿಗೆಗೆ ಕೈ ಹಾಕಿದೆ.

“ಇದಕ್ಕ ಯಾರ ತಕರಾರೂ ಇರೂದಿಲ್ಲ ನೋಡ್ರಿ.”

“ಅಯ್ಯೋ, ಎಲ್ಲಿದ್ದೀಯಮ್ಮಾ ನೀನು? ಅದೂ ತಮಿಳ್ನಾಡಿಂದು ಅಂತ ಬರೀತಿದಾರೆ! ನಾನೇ ರಾತ್ರಿ ಹನ್ನೆರಡರ ತನಕ ಕೂತು ಉತ್ತರ ಕೊಟ್ಟಿದೀನಿ,” ಎಂದರು ಆಂಟಿ.

ಹುಡುಗಿಯರಿಗೆ ಇದನ್ನು ಅನುವಾದಿಸಿದಾಗ ಅವರು ಬೇಳೆಯ ಚೀಲಗಳ ನಡುವೆ ನೆಲಕ್ಕೇ ಕುಸಿದರು. ಕೊನೆಗೆ ದೋಲ್ಮಾ, ಮೈಸೂರು ಪಾಕು, ಅಂದರೆ ಎರಡು ಯುದ್ಧಗಳನ್ನೂ ಹೊತ್ತುಕೊಂಡೇ ಹೋದೆವು.

ಅಜ್ಜಿ ಚಿಕ್ಕ ದೇಹದ, ನೆಟ್ಟ ಬೆನ್ನಿನ ಹೆಂಗಸು. ನಮಗೆ ಚಹಾ ಕೊಟ್ಟರು, ನಗು ಕೊಡಲಿಲ್ಲ. ಕುರ್ದಿಶ್ ಹುಡುಗಿ ಎದ್ದು ನಿಂತಳು. ಚರ್ಚೆಯವರಿಗೆ ಕುಳಿತು ಮಾತು ಬರುವುದಿಲ್ಲ. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಗೆಳತಿ ಅಜ್ಜಿಯ ಭಾಷೆಗೆ ತಿರುಗಿಸಿದಳು.

“ನೀವು ಕುರ್ದಿಶ್ ಕ್ರೈಸ್ತರಲ್ಲ, ಅಸ್ಸೀರಿಯನ್ನರು. ನಿಮ್ಮ ಅಜ್ಜಿಯ ಊರಿನ ಮೇಲೆ ಬಿದ್ದವರಲ್ಲಿ ನಮ್ಮ ಜನ ಇದ್ದರು. ಅದು ನಡೆಯಿತು. ನಡೆಯಲಿಲ್ಲ ಎಂದು ನಿಮ್ಮ ಮೊಮ್ಮಗಳಿಗೆ ಬರೆದವರು ಸುಳ್ಳು ಬರೆದರು.”

ಇನ್ನು ಪ್ರತಿವಾದ ಎಂದು ನಾನು ಕಾದೆ. ಅವಳು ಕುಳಿತುಬಿಟ್ಟಳು.

“ಇಷ್ಟೇನಾ?” ಮೊಮ್ಮಗಳ ಮೂಲಕ ಅಜ್ಜಿ ಕೇಳಿದರು. “ನಿನ್ನ ಕಡೆಯದು?”

“ಇವತ್ತಿಗೆ ಇಷ್ಟೇ ಅಜ್ಜಿ. ಇದು ನಿಮ್ಮ ಸಮಯ.”

ಇಷ್ಟು ವರ್ಷ ನಾನು ಮಕ್ಕಳಿಗೆ ಕೊನೆಯ ಸೆಕೆಂಡನ್ನೂ ಬಿಡದೆ ಬಳಸಲು ಕಲಿಸಿದ್ದೆ. ಉಳಿದ ಸಮಯವನ್ನು ಎದುರಾಳಿಗೆ ಕೊಟ್ಟು ಕೂರಬಹುದೆಂದು ನನಗೆ ಯಾರೂ ಕಲಿಸಿರಲಿಲ್ಲ.

ಅಜ್ಜಿ ಚಹಾದ ಲೋಟ ಕೆಳಗಿಟ್ಟು ಅವಳತ್ತ ತಿರುಗಿದರು. ಆಮೇಲೆ ಬಾಯಿ ತೆರೆದು ಏನೋ ಹೇಳಿದರು. ಮೊಮ್ಮಗಳು ಅನುವಾದಿಸಲಿಲ್ಲ, ಬೆಪ್ಪಾಗಿ ಕೂತಿದ್ದಳು. ಉತ್ತರ ಕೊಟ್ಟವಳು ಕುರ್ದಿಶ್ ಹುಡುಗಿ, ಅದೂ ತೊದಲುತ್ತ. ಅಜ್ಜಿ ಮಾತನಾಡುತ್ತಿದ್ದದ್ದು ಕುರ್ದಿಶ್!

“ಅಜ್ಜಿಗೆ ಕುರ್ದಿಶ್ ಬರುತ್ತಾ?” ಎಂದು ಮೊಮ್ಮಗಳು ಕಿರುಚಿದಳು. “ಇಷ್ಟು ವರ್ಷದಲ್ಲಿ ಒಂದು ಪದ ಆಡಿಲ್ಲ!”

“ಬಾಲ್ಯದಲ್ಲಿ ಪಕ್ಕದ ಮನೆಯವರಿಂದ ಕಲಿತರಂತೆ,” ಈಗ ಅನುವಾದಿಸುವ ಪಾಳಿ ಕುರ್ದಿಶ್ ಹುಡುಗಿಯದು. “ಅವರ ಜೊತೆ ರೊಟ್ಟಿ ಸುಡುತ್ತಿದ್ದರಂತೆ. ಆಮೇಲೆ ಆ ಭಾಷೆ ಆಡುವುದು ಬೇಡವೆನಿಸಿತಂತೆ.” ಅಜ್ಜಿ ಬೆರಳು ಝಾಡಿಸಿ ಮತ್ತೇನೋ ಗದರಿದರು. ಹುಡುಗಿ ಕೆಂಪಾದಳು. “ನನ್ನ ಕುರ್ದಿಶ್ ಕತ್ತೆಗೂ ಅರ್ಥವಾಗುವುದಿಲ್ಲವಂತೆ. ನಮ್ಮಮ್ಮನಿಗೆ ನಾಚಿಕೆಯಾಗಬೇಕಂತೆ.”

ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವ ಮೊಮ್ಮಕ್ಕಳಿರುವ ಆಂಟಿಗೆ ಈ ಮಾತು ಎದೆಗೇ ನಾಟಿತು. “ಹಾಗೆ ಬಯ್ಯಿ ತಾಯೀ, ಚೆನ್ನಾಗಿ ಬಯ್ಯಿ!” ಎಂದು ಅಜ್ಜಿಯ ಮೊಣಕಾಲು ತಟ್ಟಿದರು. ಆಗ ಅಜ್ಜಿ ನಕ್ಕರು. ಅದು ಬಿಗಿಹಿಡಿದ ಕಟ್ಟೆ ಒಡೆದಂಥ ನಗು. ಯಾರು ಯಾವ ಭಾಷೆಯಲ್ಲಿ ಏಕೆ ನಗುತ್ತಿದ್ದೇವೆಂಬ ಎಚ್ಚರ ನಮ್ಮಲ್ಲಿ ಒಬ್ಬರಿಗೂ ಉಳಿಯಲಿಲ್ಲ.

ನಗು ಇಳಿದ ಮೇಲೆ ಅಜ್ಜಿ ತಾವಾಗಿಯೇ ಕೇಳಿದರು: ನಿಮ್ಮ ಊರು ಯಾವುದು, ಯಾರನ್ನು ಕಳೆದುಕೊಂಡಿರಿ? ಹುಡುಗಿ ಹೇಳಿದಳು: ದೊಡ್ಡಪ್ಪ, ಅವರ ಇಬ್ಬರು ಮಕ್ಕಳು, ವಿಷಾನಿಲದ ವರ್ಷ. ಅಜ್ಜಿ ಮಧ್ಯೆ ಒಂದು ಮಾತೂ ಸೇರಿಸಲಿಲ್ಲ. ಕೊನೆಗೆ ಅವಳ ಅಂಗೈ ಬಿಡಿಸಿ ಒಂದು ತುಂಡು ಮೈಸೂರು ಪಾಕು ಇಟ್ಟು, ಮೊಮ್ಮಗಳತ್ತ ತಿರುಗಿದರು. “ನಾಳೆ ಎಷ್ಟು ಗಂಟೆಗೆ? ನಾನೂ ಬರುತ್ತೇನೆ. ಫೋನ್ ಮಾಡುವವರಿಗೆ ಹೇಳು, ಅಜ್ಜಿ ಮನೆಯಲ್ಲಿಲ್ಲ.”

ಮರುದಿನ ಹುಡುಗಿಯರು ಸೆಮಿಫೈನಲ್‌ನಲ್ಲಿ ಸೋತರು. ಮೂವರು ನಿರ್ಣಾಯಕರಲ್ಲಿ ಇಬ್ಬರು ಎದುರು ತಂಡದತ್ತ ವಾಲಿದರು. ಫಲಿತಾಂಶ ಪ್ರಕಟವಾದ ಕ್ಷಣದಲ್ಲಿ ಅಜ್ಜಿ ಎದ್ದು ನಿಂತು, ಮದುವೆಮನೆಯ ಹೆಂಗಸರಂತೆ ನಾಲಿಗೆ ಕುಣಿಸಿ ಉಲ್ಲಾಸದ ಕೂಗು ಹಾಕಿದರು. ಭದ್ರತೆಯ ಸಿಬ್ಬಂದಿ ಓಡಿಬಂದರು.

“ಅಜ್ಜಿ, ನಾವು ಸೋತಿದ್ದೇವೆ!”

“ಕಿವಿ ಕೇಳಿಸುತ್ತದೆ ನನಗೆ. ಸೋತವರು ಕುಣಿಯಬಾರದೆಂದು ಯಾರು ಹೇಳಿದರು?”

ಶಾಲೆಯ ಕಾರಿಡಾರಿನಲ್ಲಿ ಅವರು ಎರಡೂ ಬದಿಗೆ ಒಬ್ಬೊಬ್ಬಳ ಕೈ ಹಿಡಿದು ಸಾಲುಕುಣಿತಕ್ಕೆ ಹೆಜ್ಜೆ ಹಾಕಿದರು. ಆ ಹೆಜ್ಜೆ ಇಬ್ಬರ ಮನೆಯ ಮದುವೆಗಳಲ್ಲೂ ಇದ್ದದ್ದೇ, ಇಬ್ಬರಿಗೂ ಕಲಿಸಬೇಕಾಗಲಿಲ್ಲ. ಸಾಲಿನ ತುದಿಗೆ ಅಂಟಿಕೊಂಡ ಆಂಟಿ ಕೋಲಿಲ್ಲದ ಕೋಲಾಟ ಆಡಿದರು. ಎಡಗಾಲು ಯಾವುದು, ಬಲಗಾಲು ಯಾವುದು ತಿಳಿಯದೆ ನಾನು ಇಬ್ಬರು ನಿರ್ಣಾಯಕರ ಪಾದ ತುಳಿದೆ. ತೀರ್ಪು ಬಂದಾಗಿತ್ತು, ನಷ್ಟವಿರಲಿಲ್ಲ.

ಇದರಿಂದ ಲೋಕ ಸರಿಹೋಯಿತೆಂದು ನಾನು ವಾದಿಸುವುದಿಲ್ಲ. ಅಜ್ಜಿಯ ಸ್ವಂತ ತಮ್ಮ ಇಂದಿಗೂ ಅವರೊಡನೆ ಮಾತನಾಡುತ್ತಿಲ್ಲ. ಮಗಳ ಒಂದು ಫೋಟೋವನ್ನೂ ಯಾರೂ ಎಲ್ಲಿಯೂ ಹಾಕಕೂಡದೆಂಬ ಕುರ್ದಿಶ್ ತಂದೆಯ ಕಟ್ಟಪ್ಪಣೆ ಸಡಿಲವಾಗಿಲ್ಲ. ಹುಡುಗಿಯರು ಮಾತ್ರ ಈ ವರ್ಷವೂ ಒಂದೇ ತಂಡ. ತಿಂಗಳಿಗೊಂದು ಭಾನುವಾರ ಅಜ್ಜಿ ಇಬ್ಬರಿಗೂ ವಿಡಿಯೋದಲ್ಲಿ ಕುರ್ದಿಶ್ ಕಲಿಸುತ್ತಾರೆ, ಇಬ್ಬರಿಗೂ ಸಮನಾಗಿ ಬಯ್ಯುತ್ತಾರೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಇನ್ನೊಂದು ಸಮುದಾಯದವರು ತಮ್ಮ ಮನೆಯ ಸಾವಿನ ಬಗ್ಗೆ ಬರೆದದ್ದು ನಿಮ್ಮ ಕಣ್ಣಿಗೆ ಬಿದ್ದಾಗ, ಅದನ್ನು ಕೊನೆಯವರೆಗೆ ಓದಿ, ಅಂದು ನಿಮ್ಮ ಕಡೆಯ ಕಥೆಯನ್ನು ಅದರ ಕೆಳಗೆ ಬರೆಯಬೇಡಿ. ಏನಾದರೂ ಬರೆಯಲೇಬೇಕೆನಿಸಿದರೆ, ಅವರ ಊರು ಯಾವುದೆಂದು ಕೇಳಿ.