ಉಸಿರಿಗೆ ಜಾಗ ಕೊಡದ ಚಂದ್ರಕಾಂತ

ವಿಶಾಖಪಟ್ಟಣದ ಉಕ್ಕು ಕಾರ್ಖಾನೆಯ ಟೌನ್‌ಷಿಪ್ಪಿನಲ್ಲಿ ನಮ್ಮ ಪಕ್ಕದ ಕ್ವಾರ್ಟರ್ಸಿನ ಚಂದ್ರಕಾಂತ ಹುಬ್ಬಳ್ಳಿಯವರು, ಐವತ್ತೆಂಟರ ಎಂಜಿನಿಯರು. ಬಾಗಿಲು ತಟ್ಟುವುದಿದ್ದರೂ ಲಯ ಹಿಡಿದೇ ತಟ್ಟುತ್ತಾರೆ. ಒಂದು ಕಾಲಕ್ಕೆ ಅವರು ‘ಕುಲುಮೆ’ ಎಂಬ ಕನ್ನಡ ರಾಕ್ ಬ್ಯಾಂಡಿನ ಡ್ರಮ್ಮರ್. ಹಾಡುತ್ತಿದ್ದವನು ಅದೇ ಕಾರ್ಖಾನೆಯ ಬಳ್ಳಾರಿ ಅಶೋಕ.

೨೦೦೧ರಲ್ಲಿ ಅವರ ಕ್ಯಾಸೆಟ್ಟಿನ ರೆಕಾರ್ಡಿಂಗು ವಿಜಯವಾಡದಲ್ಲಿ. ಚಂದ್ರಕಾಂತ ಶಿಫ್ಟು ಬದಲಿಸಿಕೊಂಡು, ಡ್ರಮ್ಮುಗಳನ್ನು ರೈಲಿಗೆ ಹಾಕಿಕೊಂಡು ಹೋದರೆ ಕೆಲಸ ಹಿಂದಿನ ದಿನವೇ ಮುಗಿದಿತ್ತು. ಅಶೋಕ ಯಂತ್ರದ ತಾಳಕ್ಕೆ ಹಾಡಿಬಿಟ್ಟಿದ್ದ. “ಯಂತ್ರ ಆದ್ರೆ ನಾ ಹೇಳಿದಂಗೆ ಕೇಳ್ತೈತಣ್ಣ,” ಅಂದ. ಬ್ಯಾಂಡ್ ಒಡೆಯಿತು. ಅಂದಿನಿಂದ ಚಂದ್ರಕಾಂತ ತಾಳ ಹಾಕಲಿಲ್ಲ, ತಾಳಿಕೊಂಡರು.

ಇಪ್ಪತ್ನಾಲ್ಕು ವರ್ಷದ ಮೇಲೆ, ಈಗ ವಿಜಯವಾಡದ ಪಟಮಟದಲ್ಲಿ ಮನೆ ಮಾಡಿರುವ ಅಶೋಕನ ಫೋನು. “ಚಂದ್ರಣ್ಣಾ, ಹಳೇ ಮಂದಿ ಎಲ್ಲಾ ಸೇರಿ ಐದು ಹಾಡಿನ ಆಲ್ಬಂ ಮಾಡೋಣ.”

“ಅದಕ್ಕೇನು, ಮಾಡೂಣು.”

ಇಷ್ಟು ಸಲೀಸಾಗಿ ಒಪ್ಪಿದ್ದು ಕೇಳಿ ಹೆಂಡತಿ ಅನುಸೂಯಾ ಹೆದರಿದರು.

ಇಂಥ ರೆಕಾರ್ಡಿಂಗಿನಲ್ಲಿ ಡ್ರಮ್ಮು ಮೊದಲು, ಅದರ ಮೇಲೆ ಗಿಟಾರು, ಕೊನೆಗೆ ಗಾಯನ. ಚಂದ್ರಕಾಂತ ನಮ್ಮೂರಿನದೇ ದ್ವಾರಕಾ ನಗರದ ಸ್ಟುಡಿಯೋದಲ್ಲಿ ನಾಲ್ಕು ಹಾಡನ್ನು ಮೂವತ್ತರ ಪ್ರಾಯದ ವೇಗದಲ್ಲಿ ಬಾರಿಸಿದರು. ಗಾಯಕ ಉಸಿರೆಳೆದುಕೊಳ್ಳುವ ಕಡೆಯೆಲ್ಲ ತಾಳದ ಒಂದೊಂದು ಸುತ್ತು ಕತ್ತರಿಸಿದರು. ಗಿಟಾರಿನವರಿಗೆ ಹುರುಪು ಬಂದು ಅವರೂ ಹಾಗೇ ನುಡಿಸಿ ಕಳಿಸಿದರು. ಇನ್ನು ಡ್ರಮ್ಮು ತೆಗೆದರೆ ಮೇಲಿನದೆಲ್ಲ ಕುಸಿಯುತ್ತದೆ. ಬಿಡುಗಡೆಯ ದಿನವನ್ನೋ, ಅಶೋಕನೇ ಊರಿಗೆಲ್ಲ ಸಾರಿಯಾಗಿತ್ತು.

ಹಾಡಲು ನಿಂತ ದಿನ ವಿಜಯವಾಡದ ಭವಾನಿಪುರಂ ಸ್ಟುಡಿಯೋದಿಂದ ಅವನ ಫೋನು ಬಂತು; ಮಾತಿಗಿಂತ ಏದುಸಿರೇ ಹೆಚ್ಚು.

“ಅಣ್ಣಾ, ಉಸಿರಿಗೆ ಜಾಗಾನೇ ಇಲ್ಲ!”

“ಉಸಿರ್ಯಾಕೋ? ಯಂತ್ರ ಉಸಿರಾಡತೈತೇನು?”

“ಎರಡೇ ಎರಡು ಕಡೆ ನಿಲ್ಸು. ಕೈಮುಗೀತೀನಿ.”

“ನನ್ನ ಎರಡೂ ಕೈಯಾಗ ಕೋಲದಾವಪ್ಪಾ. ತಿರುಗಿ ಮುಗಿಯಾಕ ಬರೂದಿಲ್ಲ.”

ಹದಿನೈದು ದಿನ ಹೆಣಗಿ, ಕೆಮ್ಮಿ, ಕಡೆಗೆ ಅಶೋಕ ಕೈಬಿಟ್ಟ. ನಾಲ್ಕೂ ಹಾಡನ್ನು ಸಾಹಿತ್ಯ ಎಂಬ ಇಪ್ಪತ್ತೆರಡರ ಹುಡುಗಿ ನೀರು ಕುಡಿದಂತೆ ಹಾಡಿ ಹೋದಳು. ತನ್ನದೇ ಆಲ್ಬಮ್ಮಿನಲ್ಲಿ ಅಶೋಕನ ದನಿಗೆ ಉಳಿದದ್ದು ಐದನೆಯದೊಂದೇ. ತಾಯಿಯ ಮೇಲೆ ಅವನೇ ಬರೆದ ನಿಧಾನದ ಹಾಡು. ಅದಕ್ಕಿನ್ನೂ ಡ್ರಮ್ಮು ಬಾರಿಸುವುದಿತ್ತು.

“ಇನ್ನ ಸಾಕ್ ಮಾಡ್ರಿ, ಪಾಪ,” ಅಂದರು ಅನುಸೂಯಾ. “ತಾಯಿ ಹಾಡು ಅದು.”

ಚಂದ್ರಕಾಂತ ಚಪ್ಪಲಿ ಮೆಟ್ಟಿದರು. “ತಾಯಿ ಕರದ್ರ ಮಗಾ ಓಡೋಡಿ ಬರಬೇಕಲ್ಲ? ಅಷ್ಟ ಸ್ಪೀಡ್ ಇಡ್ತೀನಿ.”