ಕುರ್ಚಿಯಲ್ಲಿ ಕುಳಿತವರು

ಗೆಳೆಯರೇ, ಹೊಸ ಕೆಲಸಕ್ಕೆ ಸೇರಿದ ನಾಲ್ಕನೇ ದಿನವೇ ಮುಖ ಮುಚ್ಚಿಕೊಳ್ಳುವಂತಾಯಿತು.

ಹೊಸಪೇಟೆಯ ನಮ್ಮ ಸಣ್ಣ ಸಂಗ್ರಹಾಲಯದಲ್ಲಿ ಹಳೆಯ ಫೋಟೊಗಳಿಗೆ ವಿವರ ಬರೆಯುವುದು, ಬಂದವರಿಗೆ ತೋರಿಸುವುದು ನನ್ನ ಕೆಲಸ. ಇವತ್ತು ಬೆಳಿಗ್ಗೆ ಕಾಲೇಜು ಹುಡುಗಿಯರಿಗೆ ಕಂಪ್ಲಿಯ ಶಾಲೆಯೊಂದರ ಫೋಟೊ ತೋರಿಸುತ್ತಿದ್ದೆ. ನಾವಿನ್ನೂ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕಾಲದ್ದು. ನಡುವಿನ ಕುರ್ಚಿಯಲ್ಲಿ ರುಮಾಲು ಸುತ್ತಿ, ಹಾರ ಹಾಕಿಕೊಂಡ ಹಿರಿಯರು. "ಇವರೇ ಹೆಡ್‌ಮಾಸ್ತರರು. ನೋಡಿ, ಎಷ್ಟು ಓದಿದ ಕಣ್ಣುಗಳು!" ಎಂದೆ.

ಹಿಂದೆ ಮೊಮ್ಮಗಳ ಜೊತೆ ನಿಂತಿದ್ದ ಅಜ್ಜಿಯೊಬ್ಬರು ನಕ್ಕೇಬಿಟ್ಟರು. "ಎಲ್ಲೀ ಓದವ್ವ! ಆತ ನಮ್ ತಾತ. ಸಾಲ್ಯಾಗ ಗಂಟಿ ಹೊಡೀತಿದ್ದ, ಹೆಬ್ಬೆಟ್ಟು ಒತ್ತೋ ಮನುಷ್ಯ. ಕೆಲಸ ಬಿಡೋ ದಿನ ಹೆಡ್‌ಮಾಸ್ತರೇ ತಮ್ ಕುರ್ಚಿಮ್ಯಾಲ ಕುಂದ್ರಿಸಿ ಫೋಟೊ ತೆಗಿಸಿದ್ರಂತ. ಅಗೋ, ಹಿಂದ ಛತ್ರಿ ಹಿಡಕೊಂಡು ನಿಂತಾರಲ್ಲ, ಅವರು ಹೆಡ್‌ಮಾಸ್ತರು."

ಹುಡುಗಿಯರು ನನ್ನ ಮುಖ ನೋಡಿದರು. ನಾನು ಛತ್ರಿ ನೋಡಿದೆ.

ಅಷ್ಟರಲ್ಲಿ ಅಜ್ಜಿಯ ನಗು ನಿಂತಿತು. "ಹೆಡ್‌ಮಾಸ್ತರಲ್ಲ ಅಂದಮ್ಯಾಲ ಫೋಟೊ ತಗದುಬಿಡ್ತೀಯೇನವ್ವ? ಆತಂದು ನಮ್ಮನ್ಯಾಗ ಒಂದೂ ಇಲ್ಲ."

"ಇಲ್ರಿ ಅಮ್ಮ, ಇಲ್ಲೇ ಇರ್ತೈತಿ. ತಾತನ ಹೆಸರು ಹೇಳ್ರಿ," ಎಂದು ಅವರೆದುರೇ ಕೆಳಗಿನ ಚೀಟಿ ಬದಲಿಸಿದೆ. ಅವರು ಅದನ್ನು ಮೊಮ್ಮಗಳಿಂದ ಎರಡು ಸಲ ಓದಿಸಿ ಕೇಳಿಕೊಂಡು ಹೋದರು.

ಈಗ ಚೀಟಿ ಹೀಗಿದೆ: "ಕುಳಿತವರು: ಶಾಲೆಯ ಗಂಟೆ ಹೊಡೆಯುತ್ತಿದ್ದ ಈರಪ್ಪ. ಹಿಂದೆ ನಿಂತವರು: ಹೆಡ್‌ಮಾಸ್ತರರು, ಹೆಸರು ತಿಳಿದಿಲ್ಲ."

ಕುರ್ಚಿಯನ್ನೇ ಬಿಟ್ಟುಕೊಟ್ಟವರು, ಇದಕ್ಕೆಲ್ಲ ಬೇಸರಪಡಲಿಕ್ಕಿಲ್ಲ.