ಎಂಟು ಹಾಕಿದ ಸೋಮವಾರ

ನಲವತ್ತೆರಡನೇ ವಯಸ್ಸಿನಲ್ಲಿ ನಾನು ಬೈಕು ಓಡಿಸುವುದು ಕಲಿತೆ. ಆಸೆಪಟ್ಟು ಕಲಿತದ್ದಲ್ಲ. ನನ್ನ ಗಂಡನ ಎರಡು ಕಿಡ್ನಿಗಳೂ ಕೈಕೊಟ್ಟಿದ್ದವು. ಸೋಮವಾರ, ಬುಧವಾರ, ಶುಕ್ರವಾರ, ವಾರಕ್ಕೆ ಮೂರು ದಿನ ಬೆಳಿಗ್ಗೆ ಏಳಕ್ಕೆ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ನಮ್ಮೂರು ದಿಬ್ಬೂರಹಳ್ಳಿಯಿಂದ ಇನ್ನೂ ಒಳಕ್ಕೆ. ಅಲ್ಲಿಗೆ ಮೊದಲ ಬಸ್ಸು ಬರುವುದೇ ಏಳೂವರೆಗೆ. ನಾವು ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಆ ಮಂಚಕ್ಕೆ ಇನ್ನೊಬ್ಬರನ್ನು ಕರೆಯುತ್ತಿದ್ದರು. ಅವರೂ ಸಾಯುವವರೇ, ತಪ್ಪು ಅನ್ನಲಾಗದು.

ಮೊದಮೊದಲು ಇವರೇ ಬೈಕು ಓಡಿಸಿಕೊಂಡು ಹೋಗುತ್ತಿದ್ದರು, ನಾನು ಹಿಂದೆ ಕೂರುತ್ತಿದ್ದೆ. ಒಂದು ದಿನ ವಾಪಸ್ ಬರುವಾಗ ಶಿಡ್ಲಘಟ್ಟ ದಾಟಿದ ಮೇಲೆ ಇವರ ಕೈ ನಡುಗಿ, ಗಾಡಿ ರಸ್ತೆ ಬಿಟ್ಟು ಯಾರದೋ ಹಿಪ್ಪುನೇರಳೆ ತೋಟಕ್ಕೆ ನುಗ್ಗಿತು. ಮೂಳೆ ಮುರಿಯಲಿಲ್ಲ ಅಷ್ಟೆ. ಆಮೇಲೆ ನನ್ನ ಮೈದುನ ಹದಿನೈದು ದಿನ ಕಾರಿನಲ್ಲಿ ಕರೆದುಕೊಂಡು ಹೋದ. ಹದಿನಾರನೇ ದಿನ ಕಾರಿಗೆ ಏನೋ ಆಯಿತು. ಏನಾಯಿತು ಅಂತ ನಾನು ಕೇಳಲಿಲ್ಲ. ನಾಲ್ಕು ಗಂಟೆಗೆ ಎದ್ದು ಆಕಳಿಸುತ್ತಾ ಬಂದು ನಿಲ್ಲುವವನ ಮುಖ ನೋಡಿಯೇ ನನಗೆ ಗೊತ್ತಿತ್ತು, ಆ ಕಾರು ಕೆಡುತ್ತದೆ ಅಂತ.

"ನೀನೇ ಕಲಿ" ಅಂದರು ಇವರು.

"ಈ ವಯಸ್ಸಲ್ಲಾ? ಊರೋರು ನಗಲ್ವಾ?"

"ಊರೋರು ಬಂದು ನಿನ್ ಗಂಡನ್ನ ಆಸ್ಪತ್ರೆಗೆ ಹೊತ್ಕೊಂಡೋಗ್ತಾರಾ? ನಗ್ಲಿ ಬಿಡು."

ನಾನು ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವವಳು. ಪುಸ್ತಕಕ್ಕೆ ಬೈಂಡು ಹಾಕಿದ ಕೈ, ಕ್ಲಚ್ಚು ಹಿಡಿದ ಕೈಯಲ್ಲ. ಆದರೂ ಮಾರನೇ ದಿನ ಸಂಜೆ ಹಳೇ ಚೂಡಿದಾರ ಹಾಕಿಕೊಂಡು ಕೆರೆ ಅಂಗಳಕ್ಕೆ ಹೋದೆ. ನೀರು ಬಂದು ಎಷ್ಟು ವರ್ಷವಾಗಿತ್ತೋ, ಹುಡುಗರು ಕ್ರಿಕೆಟ್ ಆಡಿ ಆಡಿ ನೆಲ ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು.

ಬೇರೆಯವರಿಗೆ ಕಲಿಸುವವರು ಪಕ್ಕದಲ್ಲಿ ಓಡುತ್ತಾರೆ, ಇಲ್ಲವೇ ದೂರ ನಿಂತು ಕೂಗುತ್ತಾರೆ. ಇವರಿಗೆ ಓಡುವ ಶಕ್ತಿ ಇರಲಿಲ್ಲ, ಕೂಗಿದರೆ ಉಸಿರು ಹತ್ತುತ್ತಿತ್ತು. ಹಾಗಾಗಿ ಮೊದಲ ದಿನದಿಂದಲೇ ನನ್ನ ಹಿಂದೆ ಕೂತರು. ಎಡ ಹೆಗಲ ಮೇಲೆ ಒಂದು ಸಲ ತಟ್ಟಿದರೆ ಗೇರು ಏರಿಸಬೇಕು, ಎರಡು ಸಲ ತಟ್ಟಿದರೆ ಇಳಿಸಬೇಕು. ಬಲ ಹೆಗಲು ತಟ್ಟಿದರೆ ಬ್ರೇಕು. ಗಾಡಿ ಆಫ್ ಆದರೆ ತಲೆಗೆ ಒಂದು.

"ಕ್ಲಚ್ ಬಿಡ್ಬೇಡ ಕಣೇ, ನಿಧಾನ, ಬಿಡ್ಬೇಡ... ಬಿಟ್ಟೆ. ಬಿಟ್ಟೇಬಿಟ್ಟೆ, ಮಹಾತಾಯಿ!"

ಆ ಬೈಗುಳಕ್ಕೆ ಲೆಕ್ಕವಿಲ್ಲ. ಎಮ್ಮೆ ಅಂದರು, ಕಂಬ ಅಂದರು, ನಿಮ್ಮಪ್ಪ ನಿನಗೆ ಎತ್ತಿನ ಗಾಡಿಯನ್ನೂ ಕಲಿಸಲಿಲ್ಲವಾ ಅಂದರು. ಒಂದು ಸಂಜೆ ನನಗೂ ತಲೆ ಕೆಟ್ಟು ಹೋಯಿತು. ಗಾಡಿ ನಿಲ್ಲಿಸಿ, "ಅಷ್ಟು ಬರೋದಾದ್ರೆ ನೀವೇ ಓಡ್ಸಿ" ಅಂದುಬಿಟ್ಟೆ. ಅವರ ಎಡಗೈಯಲ್ಲಿ ಸೂಜಿ ಚುಚ್ಚಿ ಚುಚ್ಚಿ ರಕ್ತನಾಳ ಹಗ್ಗದಂತೆ ಉಬ್ಬಿತ್ತು. ಅದನ್ನೇ ನೋಡಿಕೊಂಡು ಕೂತರು. ನನ್ನ ನಾಲಿಗೆಗೆ ಬೆಂಕಿ ಬೀಳ ಅಂದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಎಡ ಹೆಗಲನ್ನು ತಟ್ಟಿದರು. ನಾನು ಗೇರು ಹಾಕಿದೆ.

ಕಲಿಯುವವರ ಲೈಸೆನ್ಸ್ ಬಂತು. ಹಿಂದೆ ಲೈಸೆನ್ಸ್ ಇರುವ ಗುರು ಕೂತಿದ್ದರೆ ರಸ್ತೆಗಿಳಿಯಬಹುದು ಅಂತ ನಿಯಮವಿದೆಯಂತೆ. "ನಾನೇ ನಿನ್ ಗುರು, ಕಾಲಿಗೆ ಬೀಳು" ಅಂದರು. ಐದು ಗಂಟೆಗೆ ಮನೆ ಬಿಡುತ್ತಿದ್ದೆವು. ಹಿಂದಿನಿಂದ ಲಾರಿ ಬಂದರೆ ನನ್ನ ಕೈ ಬೆವರುತ್ತಿತ್ತು. ಹೆಗಲ ಮೇಲೆ ತಟ್ಟು ಬೀಳುತ್ತಿತ್ತು, ಅದು ಹೇಳಿದ ಹಾಗೆ ಕೈಕಾಲು ಆಡುತ್ತಿದ್ದವು. ಐದು ತಿಂಗಳು ಹೀಗೇ ಹೋದೆವು. ಒಂದು ದಿನವೂ ತಡವಾಗಲಿಲ್ಲ. ಅದು ನನ್ನ ಜಂಬ.

ಕಲಿಯುವವರ ಲೈಸೆನ್ಸಿಗೆ ಆರು ತಿಂಗಳ ಆಯಸ್ಸು. ಅದು ಮುಗಿಯುವುದರೊಳಗೆ ಪಕ್ಕಾ ಲೈಸೆನ್ಸ್ ಆಗಬೇಕು, ಇಲ್ಲದಿದ್ದರೆ ಮತ್ತೆ ಮೊದಲಿನಿಂದ. ಚಿಕ್ಕಬಳ್ಳಾಪುರದಲ್ಲೇ ಪರೀಕ್ಷೆ. ನೆಲದ ಮೇಲೆ ಸುಣ್ಣದಲ್ಲಿ ಎಂಟರ ಆಕಾರ ಬರೆದಿದ್ದರು. ಕಾಲು ಕೆಳಗಿಡದೆ ಅದರ ಮೇಲೆ ಸುತ್ತಿ ಬರಬೇಕು. ನನ್ನ ಸರದಿ ಬಂದಾಗ ಇನ್ಸ್‌ಪೆಕ್ಟರು ನನ್ನ ಗಂಡನಿಗೆ, "ನೀವು ಇಳೀರಿ ಸಾರ್, ಪರೀಕ್ಷೆ ಅವರಿಗೆ" ಅಂದರು.

ಆಗ ಹೊಳೆಯಿತು ನನಗೆ. ಐದು ತಿಂಗಳಲ್ಲಿ ಒಂದೇ ಒಂದು ಸಲವೂ ನಾನು ಒಬ್ಬಳೇ ಆ ಗಾಡಿ ಓಡಿಸಿರಲಿಲ್ಲ.

ಹಿಂದೆ ಭಾರವಿಲ್ಲದ ಗಾಡಿ ಆಕ್ಸಿಲರೇಟರ್ ಮುಟ್ಟಿದ ತಕ್ಷಣ ಜಿಗಿಯಿತು. ತಿರುವಿನಲ್ಲಿ ಎಷ್ಟು ಬಾಗಬೇಕೋ ಗೊತ್ತಾಗಲಿಲ್ಲ. ನಾನು ತಟ್ಟಿಗಾಗಿ ಕಾಯುತ್ತಿದ್ದೆ, ದೇವರಾಣೆ, ಬ್ರೇಕು ಹಾಕುವುದಕ್ಕೂ ಕಾಯುತ್ತಿದ್ದೆ. ಬೇಲಿಯಾಚೆ ನೋಡಿದರೆ ಈ ಮನುಷ್ಯ ತನ್ನ ಹೆಗಲನ್ನು ತಾನೇ ಪಟಪಟ ಅಂತ ತಟ್ಟಿಕೊಳ್ಳುತ್ತಾ ನಿಂತಿದ್ದಾರೆ! ಎಡವೋ ಬಲವೋ ನೋಡಲು ಹೋಗಿ ಕಾಲು ಕೆಳಗಿಟ್ಟೆ. ಸರದಿಯಲ್ಲಿದ್ದವರೆಲ್ಲ ನಕ್ಕರು.

"ಅವರ್ನ ನೋಡ್ಬೇಡಿ ಅಮ್ಮ, ದಾರಿ ನೋಡಿ" ಅಂದರು ಇನ್ಸ್‌ಪೆಕ್ಟರು. ಒಳ್ಳೆಯ ಮಾತಿನಲ್ಲೇ ಹೇಳಿದರು. "ಒಬ್ಬರೇ ಓಡ್ಸಿ ಅಭ್ಯಾಸ ಮಾಡ್ಕೊಂಡು ಬನ್ನಿ."

ದಾರಿಯುದ್ದಕ್ಕೂ ಜಗಳ. ನಿಮ್ಮಿಂದಲೇ ಫೇಲಾದೆ ಅಂದೆ. ನಿನ್ನ ಕಾಲು ನಾನು ಇಳಿಸಿದೆನಾ ಅಂದರು. ಮನೆಗೆ ಬಂದ ಮೇಲೆ ಇಬ್ಬರಿಗೂ ನಗು ಬಂತು. ಆವತ್ತಿನಿಂದ ಇವರು ಕೆರೆ ಏರಿಯ ಮೇಲೆ ಹುಣಸೆಮರದ ನೆರಳಲ್ಲಿ ಕೂತರು. ತಟ್ಟಲು ಕೈ ಕಡಿಯುತ್ತದೆ ಅಂತ ಎರಡು ಕೈಗಳನ್ನೂ ತೊಡೆಯ ಕೆಳಗಿಟ್ಟುಕೊಂಡು ಕೂರುತ್ತಿದ್ದರು. ನಾನು ಒಬ್ಬಳೇ ಎಂಟು ಹಾಕಿದೆ. ಮೂರನೇ ದಿನ ಕಾಲು ಕೆಳಗಿಡದೆ ಹತ್ತು ಸಲ ಸುತ್ತಿದೆ. ಹೇಳಬಾರದು, ಆದರೂ ಹೇಳುತ್ತೇನೆ: ಹಿಂದೆ ಯಾರೂ ಇಲ್ಲದೆ ಗಾಡಿ ಓಡಿಸುವುದು ನನಗೆ ತುಂಬ ಇಷ್ಟವಾಯಿತು. ಮುಖಕ್ಕೆ ಗಾಳಿ ಬಡಿದರೆ ಆಸ್ಪತ್ರೆ, ಸೂಜಿ, ಅಳೆದು ಕುಡಿಸುವ ನೀರು, ಎಲ್ಲ ಮರೆತುಹೋಗುತ್ತಿತ್ತು.

ಎರಡನೇ ಪರೀಕ್ಷೆಗೆ ದಿನ ಸಿಕ್ಕಿದ್ದು ಸೋಮವಾರ ಹತ್ತೂವರೆಗೆ. ಅದು ಬಿಟ್ಟರೆ ಲೈಸೆನ್ಸಿನ ಗಡುವು ಮೀರುತ್ತಿತ್ತು. ಸೋಮವಾರ ಅಂದರೆ ಡಯಾಲಿಸಿಸ್ ದಿನ. ಆಸ್ಪತ್ರೆಯ ಸಿಸ್ಟರಿಗೆ ಫೋನ್ ಮಾಡಿದೆ. ಒಳ್ಳೆಯ ಹೆಂಗಸು. "ಅವರನ್ನ ಮೆಷಿನ್‌ಗೆ ಹಾಕ್ಬಿಟ್ಟು ನೀವು ಹೋಗ್ಬನ್ನಿ ಅಕ್ಕ, ಒಂದು ಗಂಟೆ ತಾನೆ, ನಾನು ನೋಡ್ಕೊತೀನಿ" ಅಂದಳು.

ಅಷ್ಟು ಸುಲಭವಿತ್ತು. ಇವರು ಮಲಗಿರಬಹುದಿತ್ತು, ನಾನು ಹೋಗಿ ಎಂಟು ಹಾಕಿ ಬರಬಹುದಿತ್ತು. ಆದರೆ ನನಗೆ ಅದು ಬೇಕಿರಲಿಲ್ಲ. ಹಿಂದಿನ ಸಲ ಎಲ್ಲರೆದುರು ಮರ್ಯಾದೆ ಹೋಗಿತ್ತು. ಈ ಸಲ ಅದೇ ಬೇಲಿಯ ಆಚೆ ನಿಂತು ಇವರು ನೋಡಬೇಕಿತ್ತು. ಎಮ್ಮೆ ಅಂದ ಬಾಯಲ್ಲಿ ಒಂದು ಭೇಷ್ ಕೇಳಬೇಕಿತ್ತು. "ಮಂಗಳವಾರ ಬರ್ಬೋದಾ?" ಅಂದೆ ಸಿಸ್ಟರಿಗೆ.

"ಶುಕ್ರವಾರದಿಂದ ಮಂಗಳವಾರ ತುಂಬ ಗ್ಯಾಪ್ ಆಗುತ್ತೆ ಅಕ್ಕ. ಬರೋದಾದ್ರೆ ಬೆಳಗ್ಗೆ ಮೊದಲ್ನೇ ಬೆಡ್ ಇಟ್ಟಿರ್ತೀನಿ. ನೀರು, ಹಣ್ಣು ಹುಷಾರು."

ಇವರನ್ನು ಕೇಳಿದೆ. "ಒಂದಿನಕ್ಕೆ ಏನಾಗುತ್ತೆ? ನೀನು ಎರಡ್ನೇ ಸಲ ಬೀಳೋದು ನಾನು ನೋಡ್ಬೇಡ್ವಾ?" ಅಂದರು. ಅವರಿಗೂ ಬರುವ ಆಸೆಯೇ. ಅದನ್ನು ನೆನೆದು ಸಮಾಧಾನ ಮಾಡಿಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ, ಆಗಿಲ್ಲ. ಸಿಸ್ಟರು ಕೊಟ್ಟ ದಾರಿಯನ್ನು ನಾನು ಇವರಿಗೆ ಹೇಳಲೇ ಇಲ್ಲವಲ್ಲ.

ಸೋಮವಾರ ಉರಿಬಿಸಿಲು. ಇವರ ಮುಖ, ಪಾದ ಊದಿಕೊಂಡಿದ್ದವು. ಚಪ್ಪಲಿ ಕಾಲಿಗೆ ಹಿಡಿಯುತ್ತಿರಲಿಲ್ಲ. ಬೇಲಿಯಾಚೆ ಟವೆಲ್ಲನ್ನು ತಲೆಗೆ ಹಾಕಿಕೊಂಡು ಕೂತರು. ನಾನು ಆ ಕಡೆ ನೋಡದೆ ಒಂದು ಸುತ್ತು ಬಂದೆ, ಇನ್ನೊಂದು ಸುತ್ತು ಬಂದೆ. ಕಾಲು ಕೆಳಗಿಡಲಿಲ್ಲ. ಇನ್ಸ್‌ಪೆಕ್ಟರು ತಲೆಯಾಡಿಸಿ ಗುರುತು ಹಾಕಿಕೊಂಡರು. ನನಗೆ ಆದ ಖುಷಿ ಏನಂತ ಹೇಳಲಿ, ಗಾಡಿ ಅಲ್ಲೇ ನಿಲ್ಲಿಸಿ ಹುಡುಗಿಯ ಹಾಗೆ ಓಡಿದೆ.

"ನೋಡಿದ್ರಾ?"

"ನೋಡ್ದೆ ಬಿಡು. ಎಮ್ಮೆ ಎಂಟು ಹಾಕ್ತು" ಅಂದರು. ಕಣ್ಣಲ್ಲಿ ನೀರಿತ್ತು.

ಹೊರಗೆ ಗೇಟಿನ ಹತ್ತಿರ ಎಳನೀರಿನ ಗಾಡಿ. ಮಾರುವವನು ಆಂಧ್ರದ ಕಡೆಯವನು. "ರಂಡಿ ಅಮ್ಮಾ, ಬನ್ನಿ, ತಂಪಾಗಿದೆ, ಕುಡೀರಿ" ಅಂತ ತೆಲುಗು ಬೆರೆಸಿ ಕರೆದ. ಯಾರಿಗೆ ಹುಷಾರಿಲ್ಲದಿದ್ದರೂ ನಾವು ಎಳನೀರು ಹಿಡಿದುಕೊಂಡು ನೋಡಲು ಹೋಗುವ ಜನ. ಆದರೆ ಡಯಾಲಿಸಿಸ್ ಶುರುವಾದ ದಿನವೇ ಸಿಸ್ಟರು ಹೇಳಿದ್ದಳು, ಎಳನೀರನ್ನು ವಿಷ ಅಂತ ತಿಳ್ಕೊಳ್ಳಿ, ಅದರಲ್ಲಿರೋ ಉಪ್ಪನ್ನ ಇವರ ಕಿಡ್ನಿ ಹೊರಗೆ ಹಾಕಲ್ಲ, ಹೃದಯ ನಿಂತೋಗುತ್ತೆ ಅಂತ. ಇಬ್ಬರೂ ಕೇಳಿಸಿಕೊಂಡಿದ್ದೆವು. ಒಂದು ವರ್ಷ ಮುಟ್ಟಿರಲಿಲ್ಲ.

ಇವರ ತುಟಿ ಒಡೆದಿತ್ತು. "ಒಂದೇ ಒಂದು ಗುಟುಕು ಕಣೇ" ಅಂದರು. "ನೀನ್ ಕುಡಿ, ನಂಗೊಂದು ಗುಟುಕು ಕೊಡು, ಸಾಕು."

ಬೇರೆ ದಿನವಾಗಿದ್ದರೆ ಮುಖಕ್ಕೆ ಮಂಗಳಾರತಿ ಎತ್ತುತ್ತಿದ್ದೆ. ಅವತ್ತು ನಾನು ಗೆದ್ದವಳು. ಗೆದ್ದವಳ ಧಾರಾಳ ಬಂದುಬಿಟ್ಟಿತ್ತು ನನಗೆ. ನಾಳೆ ಬೆಳಗಾದರೆ ಮೆಷಿನ್ ಎಲ್ಲ ತೊಳೆಯುತ್ತದೆ ಅಂದುಕೊಂಡೆ. "ಎರಡು ಕೊಡಪ್ಪ" ಅಂದೆ. ಸ್ಟ್ರಾ ಸಿಕ್ಕಿಸಿ ಒಂದನ್ನು ಅವರ ಕೈಗಿಟ್ಟೆ. ಕಣ್ಣು ಮುಚ್ಚಿಕೊಂಡು ತಳದವರೆಗೂ ಕುಡಿದರು. ಕುಡಿದು, "ಅಬ್ಬಾ, ಜೀವ ಬಂತು" ಅಂದರು.

ಮಂಗಳವಾರ ಐದಕ್ಕೆ ಹೊರಟೆವು. ಎದ್ದಾಗಿನಿಂದ ಇವರಿಗೆ ಸುಸ್ತು, ಆದರೆ ಡಯಾಲಿಸಿಸ್ ದಿನ ಸುಸ್ತಿಲ್ಲದೆ ಎದ್ದದ್ದು ಯಾವತ್ತಿತ್ತು? ನನ್ನ ಸೊಂಟ ಹಿಡಿದುಕೊಂಡು ಕೂತರು. ದಿಬ್ಬೂರಹಳ್ಳಿಯ ತಿರುವಿನಲ್ಲಿ ಗೇರು ಇಳಿಸಿದೆ, ಹೆಗಲ ಮೇಲೆ ಕೈ ಬೀಳಲಿಲ್ಲ. ಎದುರಿಗೆ ಹಾಲಿನ ಲಾರಿ ಬಂತು, ಆಗಲೂ ಬೀಳಲಿಲ್ಲ. ತಲೆಯನ್ನು ನನ್ನ ಬೆನ್ನಿಗೆ ಒರಗಿಸಿದರು. ಕೊನೆಗೂ ನನ್ನ ಕೈಯನ್ನು ನಂಬಿದರು ಅಂದುಕೊಂಡೆ. ಹೆಮ್ಮೆಯಿಂದ ಎದೆ ಉಬ್ಬಿತು. ಶಿಡ್ಲಘಟ್ಟ ದಾಟಿದ ಮೇಲೆ, "ನೋಡಿ, ನೀವು ತಟ್ಟದೇನೇ ಹೋಗ್ತಿದೀನಿ" ಅಂತ ಕೂಗಿ ಹೇಳಿದೆ. "ಹೂಂ" ಅಂದರು. ಅದೊಂದೇ ಮಾತು. ಅವರು ಬೇಕೆಂದೇ ಸುಮ್ಮನಿದ್ದಾರೆ ಅಂತ ತಿಳಿದು, ಅಲುಗಾಡಿಸದೆ, ನಿಧಾನವಾಗಿ, ಚೆಂದವಾಗಿ ಓಡಿಸಿದೆ. ಹದಿನೈದು ನಿಮಿಷ ಬೇಗ ಹೋಗಬಹುದಿತ್ತು.

ಆಸ್ಪತ್ರೆಯ ಬಾಗಿಲಲ್ಲಿ ಗಾಡಿ ನಿಲ್ಲಿಸಿದರೆ ಇಳಿಯಲು ಕಾಲೇ ಬರಲಿಲ್ಲ ಅವರಿಗೆ. ಇಬ್ಬರು ಬಂದು ಎತ್ತಿಕೊಂಡು ಹೋದರು. ಎದೆಗೆ ವೈರು ಹಾಕಿ ನೋಡಿದ ಡಾಕ್ಟರು ಏನೋ ಕೂಗಿದರು, ಎಲ್ಲರೂ ಓಡಾಡತೊಡಗಿದರು. ಸಿಸ್ಟರು ನನ್ನ ಕಡೆ ತಿರುಗಿ, "ಅಕ್ಕ, ನೆನ್ನೆ ಏನ್ ಕೊಟ್ರಿ? ನಿಜ ಹೇಳಿ" ಅಂದಳು.

ನಾನು ಇವರ ಮುಖ ನೋಡಿದೆ.

ಮಲಗಿದ್ದವರು ಕಣ್ಣು ಬಿಟ್ಟರು. ಒಂದೊಂದೇ ಮಾತಾಗಿ ಹೇಳಿದರು. "ನಾನೇ ಸಿಸ್ಟರ್. ಎಳನೀರು ಕುಡ್ದೆ. ಇವಳು ಒಳಗೆ ಪರೀಕ್ಷೇಲಿದ್ಲು. ಇವಳಿಗೆ ಗೊತ್ತಿಲ್ಲ."

"ಏನ್ ಸಾರ್ ನೀವು! ಮಗುಗೆ ಹೇಳ್ದಂಗೆ ಹೇಳಿದೀನಿ ನಿಮಗೆ" ಅಂತ ಸಿಸ್ಟರು ಅವರನ್ನೇ ಬೈದಳು. ಅವರು ಬೈಸಿಕೊಂಡರು. ನಾನು ಕಾಲ ಹತ್ತಿರ ನಿಂತಿದ್ದೆ. ಅಲ್ಲ, ನಾನು ಕೊಡಿಸಿದ್ದು ಅನ್ನಲು ಎಷ್ಟು ಹೊತ್ತು ಬೇಕಿತ್ತು? ಅನ್ನಲಿಲ್ಲ. ಮೆಷಿನ್ ಹಾಕಿದರು. ಎಂಟು ಗಂಟೆಗೆ ಮೊದಲೇ ಅವರ ಹೃದಯ ನಿಂತಿತು.

ಹನ್ನೊಂದನೇ ದಿನ ಮನೆ ತುಂಬ ನೆಂಟರು. ನಾನು ಎಲೆಗಳಿಗೆ ಅನ್ನ ಬಡಿಸುತ್ತಿದ್ದೆ. ಮೈದುನ ಪಕ್ಕದಲ್ಲಿದ್ದವರಿಗೆ ಹೇಳುತ್ತಿದ್ದ, "ಅತ್ಗೆ ಪಾಪ ಗಾಡಿ ಕಲ್ತು ಹೊತ್ಕೊಂಡು ತಿರುಗಿದ್ರು. ಅಣ್ಣ ಬಾಯಿ ಕಟ್ಲಿಲ್ಲ. ಕದ್ದು ಎಳನೀರು ಕುಡ್ದು ಜೀವ ಕಳ್ಕೊಂಡ. ಅಲ್ವಾ ಅತ್ಗೆ?"

ಸಾಲಿನಲ್ಲಿ ಕೂತವರೆಲ್ಲ ನನ್ನ ಮುಖ ನೋಡಿದರು. ಅನ್ನದ ಪಾತ್ರೆ ನನ್ನ ಕೈಯಲ್ಲಿತ್ತು.

"ಹೌದು" ಅಂದೆ.